ಪಂಕ್ತಿಯೆದುರು ನುಂಗಿದ ಮಾತ್ರೆ

ಹೊಸನಗರ, ಜುಲೈ ೧೯೬೫. ದ್ವಾದಶಿ.

ತಮ್ಮ ವೆಂಕಟಾಚಲನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ವ್ರತ ಕೆಡುತ್ತದೆಂದು ನನ್ನ ಹೆಂಡತಿ ಕಾಮಾಕ್ಷಿ ನಿನ್ನೆ ಏಕಾದಶಿಗೆ ಡಾಕ್ಟರು ಕೊಟ್ಟ ಹೊಸ ಮಾತ್ರೆಯನ್ನೂ ಬಿಟ್ಟಿದ್ದಳು. ಹಳೆಯ ಭಯ ಮರಳಿತು; ರಾತ್ರಿಯಿಡೀ ಎದೆ ಹಿಡಿದುಕೊಂಡು ಕೂತಿದ್ದಳು. ಇಂದು ಪಾರಣೆಯ ಊಟಕ್ಕೆ ಬಂದ ವೆಂಕಟಾಚಲ ಎಲ್ಲರೆದುರೇ ಕೇಳಿದ: "ಅತ್ತಿಗೆ, ಹುಚ್ಚಿನ ಮಾತ್ರೆ ತಗೋತೀರಂತೆ?"

ಹೀಗೇ ಹುಚ್ಚೆಂದು ನಮ್ಮ ಚಿಕ್ಕಮ್ಮನನ್ನು ಕೋಣೆಯಲ್ಲಿ ಕೂಡಿಹಾಕಿದ ಮನೆತನ ಇದು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಮಾಕ್ಷಿ ಸೌಟು ಕೆಳಗಿಟ್ಟು, ಮಾತ್ರೆ ತಂದು, ಅವನೆದುರೇ ನುಂಗಿದಳು.

"ಹೌದು ಮಾರಾಯ, ಹೆದರಿಕೆಗೆ. ಇನ್ಮೇಲೆ ಏಕಾದಶಿಗೂ ಬಿಡಲ್ಲ. ಸಾರು ಹಾಕ್ಲಾ?"

ಕೈ ನಡುಗಿ ಸಾರು ಅವನ ಎಲೆಯಾಚೆಗೂ ಚೆಲ್ಲಿತು. ಆದರೂ ಪಂಕ್ತಿ ಪೂರ್ತಿ ಅವಳೇ ಬಡಿಸಿದಳು.

ಈಗ ಅವಳಿಗೆ ನಿದ್ದೆ ಹತ್ತಿದೆ. ಧೈರ್ಯವಂತರ ಕೈಯೂ ನಡುಗುತ್ತದೆಂದು ನಾನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ.