ಕಡಸುಗಳ ಬಾಲದಲ್ಲಿದ್ದ ಗಂಟು

ಬ್ರೆಂಟ್,

ಅಂಗಳದ ಆಚೆ ಮನೆಯಲ್ಲಿರುವ ಮಗನಿಗೆ ಪತ್ರ ಬರೆಯುವ ಗತಿ ಬಂತಲ್ಲ ಎಂದು ನಗಬೇಡ. ಎದುರು ನಿಂತು ಹೇಳಿದರೆ ನೀನು ಷೆಡ್ಡಿನ ರೇಡಿಯೋ ಜೋರು ಮಾಡುತ್ತೀಯ. ಇದನ್ನು ಒಲೆಗೆ ಹಾಕಬಹುದು, ಆದರೆ ಹಾಕುವ ಮೊದಲು ಓದೇ ಓದುತ್ತೀಯ. ನಿನ್ನ ಕೆಟ್ಟ ಕುತೂಹಲ ನನಗೆ ಗೊತ್ತು.

ಹಸುಗಳ ಬಾಲ ಕತ್ತರಿಸಬಾರದು ಎಂಬ ಕಾನೂನು ಬಂದಾಗ ಇಡೀ ತಾರಾನಾಕಿ ಸೀಮೆಯಲ್ಲಿ ನನ್ನಷ್ಟು ಬೈದವರಿಲ್ಲ. ಹಾಲು ಕರೆಯಲು ತಗ್ಗಿನಲ್ಲಿ ಇಳಿದು ನಿಂತರೆ ಹಸುವಿನ ಹಿಂಭಾಗ ನಮ್ಮ ಮುಖದ ಎತ್ತರಕ್ಕೇ ಇರುತ್ತದೆ. ಚಳಿಯ ಬೆಳಗ್ಗೆ ಸಗಣಿ ಮೆತ್ತಿದ ಬಾಲ ಕೆನ್ನೆಗೆ ಬಾರಿಸಿದರೆ ಎಂಥ ಭಕ್ತರ ಬಾಯಲ್ಲೂ ಕೆಟ್ಟ ಮಾತೇ ಬರುತ್ತದೆ. ಅದಕ್ಕೇ ನಿನ್ನ ಅಪ್ಪ ಪ್ರತಿ ಕಡಸಿನ ಬಾಲಕ್ಕೂ ಬಿಗಿಯಾದ ರಬ್ಬರ್ ಉಂಗುರ ಹಾಕುತ್ತಿದ್ದರು. ಕೆಲವು ವಾರಗಳಲ್ಲಿ ಬಾಲ ಒಣಗಿ ಉದುರಿಹೋಗುತ್ತಿತ್ತು. ಅಧಿಕಾರಿ ಬಂದು ಕಾನೂನು ವಿವರಿಸಿದ ದಿನ ಸಭೆಯಲ್ಲಿ ನಾನೇ ಎದ್ದು ನಿಂತಿದ್ದೆ. "ಒಂದು ವಾರ ನಮ್ಮ ಷೆಡ್ಡಲ್ಲಿ ಹಾಲು ಕರೀರಿ ಸಾರ್. ಬಾಯಿ ಮಾತ್ರ ಮುಚ್ಕೊಂಡಿರಿ, ಇಲ್ದಿದ್ರೆ ಒಳಗೇ ಹೋಗುತ್ತೆ" ಎಂದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ.

ಬಾಲ ಉಳಿಯಿತು. ಈ ಏಪ್ರಿಲ್‌ನಲ್ಲಿ ಪಶುವೈದ್ಯೆ ಅನಹೇರಾ ಬಂದು ಒಂದೊಂದೇ ಹಸುವಿನ ಬಾಲವನ್ನು ಬುಡದಿಂದ ತುದಿಯವರೆಗೆ ಸವರಿ ನೋಡಿದಳು. ಎಷ್ಟೋ ಬಾಲಗಳಲ್ಲಿ ಮೂಳೆ ಮುರಿದು ಕೂಡಿಕೊಂಡ ಗಂಟು. ಹಸು ಬೇಗ ಮುಂದೆ ಹೋಗಲಿ ಎಂದು ಯಾರೋ ತಿರುಚಿ ಮುರಿದಿದ್ದಾರೆ ಎಂದಳು. ನೀನು ಉಸಿರು ತೆಗೆದುಕೊಳ್ಳುವಷ್ಟೂ ತಡೆಯಲಿಲ್ಲ. "ರೋಡೆಲ್ ಇರ್ಬೇಕು. ಅವ್ರ ಕಡೆ ಎಮ್ಮೆಗೆ ಹೊಡೆದು ಹೊಡೆದು ರೂಢಿ" ಎಂದೆ. ನಿನ್ನ ಕೆಲಸದಾಳು ರೋಡೆಲ್ ಅಲ್ಲೇ ಗೇಟಿನ ಹತ್ತಿರ ನಿಂತಿದ್ದ. ಅವನ ಕೆಲಸ, ವೀಸಾ, ಹೆಂಡತಿ ಮಗು ಮಲಗುವ ಮನೆ, ಎಲ್ಲ ನಿನ್ನ ಒಂದು ಮಾತಿನ ಮೇಲೆ ನಿಂತಿತ್ತು. "ನಾನಲ್ಲ ಬಾಸ್" ಎಂದ, ಅಷ್ಟೇ.

ಜೂನ್ ಒಂದು ಈ ಸೀಮೆಯ ಹಾಲು ಕರೆಯುವವರೆಲ್ಲ ಗಂಟುಮೂಟೆ ಕಟ್ಟಿ ಜಾಗ ಬದಲಿಸುವ ದಿನ. ಅವನೂ ಹೊರಟ. ಬೇರೆಯವರು ಇನ್ನೊಂದು ಷೆಡ್ಡಿಗೆ ಹೋದರು, ಇವನಿಗೆ ನಿನ್ನ ಮಾತು ಕೇಳಿ ಸುತ್ತಮುತ್ತ ಯಾರೂ ಕೆಲಸ ಕೊಡಲಿಲ್ಲ. ಸಂಸಾರ ಕಟ್ಟಿಕೊಂಡು ಫಿಲಿಪೀನ್ಸ್‌ಗೆ ವಾಪಸ್ಸಾದ. ನಾನು ನಿನ್ನ ಮಾತನ್ನೇ ನಂಬಿದೆ. ಹೆತ್ತವಳು ಮತ್ಯಾರನ್ನು ನಂಬಲಿ?

ಆಗಸ್ಟ್‌ನಲ್ಲಿ ಕಡಸುಗಳು ಕರು ಹಾಕಿ ಮೊದಲ ಸಲ ಷೆಡ್ಡಿಗೆ ಬಂದವು. ಹುಟ್ಟಿದಂದಿನಿಂದ ಹಾಲು ಕುಡಿಸಿ ಸಾಕಿದವಳು ನಾನು. ಬಾಲದ ಬುಡ ಕೆರೆದರೆ ಕತ್ತು ಚಾಚಿ ನಿಲ್ಲುತ್ತಿದ್ದವು. ಒಂದೊಂದು ಬಾಲವೂ ನೆಟ್ಟಗಿತ್ತು, ಅದು ನನ್ನ ಕೈಗೇ ಗೊತ್ತು. ಮೊನ್ನೆ ಬಿಳಿ ಹಣೆಯದರ ಬೆನ್ನ ಮೇಲೆ ಕೈ ಇಟ್ಟರೆ ಬಾಲವನ್ನು ಕಾಲ ನಡುವೆ ಬಿಗಿಹಿಡಿದು ನಡುಗಿತು. ಸವರಿ ನೋಡಿದೆ. ಗಂಟು. ಪಕ್ಕದ್ದರಲ್ಲೂ ಗಂಟು. ರೋಡೆಲ್ ಇವುಗಳನ್ನು ಒಂದು ದಿನವೂ ಕರೆದವನಲ್ಲ. ಅವನು ಹೋದ ಮೇಲೆ ಆ ಷೆಡ್ಡಿನಲ್ಲಿ ಕರೆಯುವವನು ನೀನೊಬ್ಬನೇ.

ಕೇಳಿದ್ದಕ್ಕೆ ಎಂಥ ಉತ್ತರ ಕೊಟ್ಟೆ! "ಅಪ್ಪ ಬಾಲಾನೇ ಉದುರಿಸ್ತಿದ್ರು, ನೀನು ಉಂಗುರದ ಡಬ್ಬಿ ಹಿಡ್ಕೊಂಡು ನಿಂತಿರ್ತಿದ್ದೆ. ನಾನು ಸ್ವಲ್ಪ ತಿರುಚಿದ್ರೆ ಮಹಾಪಾಪ ಆಗೋಯ್ತಾ ಅಮ್ಮ?"

ಅದಕ್ಕೆ ಉತ್ತರ ಈಗ ಹೇಳುತ್ತೇನೆ. ಹಸುವಿಗೆ ಅದೂ ನೋವೇ, ಇದೂ ನೋವೇ. ಅದರಲ್ಲಿ ನಿನ್ನ ಜೊತೆ ವಾದವಿಲ್ಲ, ನಾನು ಬೈದ ಕಾನೂನೇ ಸರಿ. ಬಾಲ ಮೋಟಾಗಿದ್ದಿದ್ದರೆ ನಿನ್ನ ಕೈ ಎಂಥದ್ದೆಂದು ಸಾಯುವವರೆಗೂ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದೇ ಸತ್ತಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸುತ್ತದೆ. ಆದರೆ ನಿನ್ನ ಅಪ್ಪ ಮಾಡಿದ್ದನ್ನು ಹಾಡಹಗಲೇ, ನೆರೆಯವರ ಎದುರು, ಮಾಡುವವನು ತಾನೇ ಎಂದು ಒಪ್ಪಿಕೊಂಡೇ ಮಾಡಿದರು. ಅದನ್ನು ಇನ್ನೊಬ್ಬನ ತಲೆಗೆ ಕಟ್ಟಲಿಲ್ಲ, ಯಾರ ಅನ್ನವನ್ನೂ ಕಿತ್ತುಕೊಳ್ಳಲಿಲ್ಲ.

ನಿನ್ನೆ ರೋಡೆಲ್‌ನ ಹೆಂಡತಿ ಮಾರಿಸೆಲ್‌ಗೆ ಫೋನ್ ಮಾಡಿದೆ. ತಪ್ಪು ಅವನದಲ್ಲ ಎಂದು ಈಗ ತಿಳಿಯಿತು ಎಂದೆ. "ನಮಗೆ ಅವತ್ತೇ ಗೊತ್ತಿತ್ತಲ್ಲಮ್ಮ. ನಮಗ್ಯಾಕೆ ಹೇಳ್ತೀರ? ಅವತ್ತು ನಂಬಿದವರಿಗೆ ಹೇಳಿ" ಎಂದು ಫೋನ್ ಇಟ್ಟಳು.

ಹಾಗೇ ಮಾಡುತ್ತೇನೆ. ಅನಹೇರಾ ಗುರುವಾರ ಬರುತ್ತಾಳೆ, ಕರೆಸಿದವಳು ನಾನೇ. ಅವಳ ಮುಂದೆ ನೀನಾಗಿ "ರೋಡೆಲ್ ಅಲ್ಲ, ನಾನು" ಎಂದರೆ ಏನು ಬಂದರೂ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಅನ್ನದಿದ್ದರೆ ನಾನು ಅನ್ನುತ್ತೇನೆ. ಆಮೇಲೆ ಅವನಿಗೆ ಕೆಲಸ ಕೊಡದ ಒಂದೊಂದು ಮನೆಯ ಬಾಗಿಲಿಗೂ ಹೋಗಿ ಅನ್ನುತ್ತೇನೆ. ಅಲ್ಲಿಯವರೆಗೆ ಕಡಸುಗಳ ಹತ್ತಿರ ಸುಳಿಯಬೇಡ. ಎರಡೂ ಹೊತ್ತು ನಾನೇ ಕರೆಯುತ್ತೇನೆ. ಸೊಂಟ ನೋಯುತ್ತದೆ, ನೋಯಲಿ.

ಪ್ರತಿ ಹುಟ್ಟುಹಬ್ಬಕ್ಕೂ ನಿನಗೆ ಆಯುಸ್ಸು, ಆರೋಗ್ಯ ಎಲ್ಲ ಬೇಡಿ ಬರೆದಿದ್ದೇನೆ. ಈ ಸಲ ಅಷ್ಟೆಲ್ಲ ಬೇಡುವುದಿಲ್ಲ. ಗುರುವಾರ ನಿನ್ನ ನಾಲಿಗೆಗೆ ದೇವರು ಒಂದೇ ಒಂದು ನಿಜ ಕೊಡಲಿ.

ಇನ್ನೂ ನಿನ್ನ ತಾಯಿಯೇ ಆಗಿರುವ,
ನೋಲಿನ್