ಜ್ವರ ಅಲ್ಲ, ತಲೆನೋವು

ಲಗ್ಗೆರೆ,
18-8-1976, ಬುಧವಾರ

ಪ್ರೀತಿಯ ಅಂಬುಜಕ್ಕನಿಗೆ ತಮ್ಮ ಕಿಟ್ಟಿ ಮಾಡುವ ನಮಸ್ಕಾರ. ಭಾವನವರಿಗೂ ತಿಳಿಸು.

ಕಾಗದದ ಮೊದಲಲ್ಲಿ ನಾನು ಕ್ಷೇಮ ಎಂದು ಬರೆಯಬೇಕು. ನಾನು ವಾರಕ್ಕೆ ಐದು ದಿನ ಕ್ಷೇಮ. ಉಳಿದ ಎರಡು ದಿನದ ವಿಚಾರ ಹೇಗೆ ಬರೆಯುವುದು ಎಂದು ಗೊತ್ತಾಗದೆ ಇಷ್ಟು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದ ಬಂದು ಇಪ್ಪತ್ತು ದಿನ ಆಯಿತು. ಉತ್ತರ ಬರೆಯಲು ಮೂರು ಸಲ ಕೂತೆ. ಒಂದು ಸಲ ಪೆನ್ನಿನಲ್ಲಿ ಇಂಕು ಇರಲಿಲ್ಲ, ಒಂದು ಸಲ ಧೈರ್ಯ ಇರಲಿಲ್ಲ, ಇನ್ನೊಂದು ಸಲ ತಲೆ ಎತ್ತುವ ಹಾಗಿರಲಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ. ‘ಅಮ್ಮನ ಕೈ ತಳ್ಳಿ, ಮುಟ್ಟಬೇಡ ಅಂತ ಕೂಗಿ ಮನೆ ಬಿಟ್ಟು ಹೋದೆಯಂತೆ, ಅವಳು ನಿನಗೇನು ಮಾಡಿದ್ದಳು?’ ಕೈ ತಳ್ಳಿದ್ದು ನಿಜ. ಅವಳು ಏನೂ ಮಾಡಿಲ್ಲ ಎನ್ನುವುದೂ ನಿಜ. ನಡುವೆ ಇರುವುದನ್ನು ಬರೆಯುತ್ತೇನೆ. ಪೂರ್ತಿ ಓದಿ ಆಮೇಲೆ ಬೈಯಿ. ಗೌರಿ ಹಬ್ಬಕ್ಕೆ ನೀನು ಬಾಗಿನ ತೆಗೆದುಕೊಳ್ಳಲು ಬಾಪೂಜಿ ನಗರಕ್ಕೆ ಬರುವ ಹೊತ್ತಿಗೆ ನಾನೂ ಮನೆಯಲ್ಲಿರಬೇಕು ಎಂದು ಬರೆದಿದ್ದೀಯ. ಅದಕ್ಕೆ ಉತ್ತರವೂ ಇದರಲ್ಲೇ ಇದೆ.

ಇಲ್ಲಿ ನಾನು ರಟ್ಟಿನ ಡಬ್ಬಿ ಮಾಡುವ ಒಂದು ಶೆಡ್ಡಿನಲ್ಲಿದ್ದೇನೆ. ಪೀಣ್ಯದ ಕಾರ್ಖಾನೆಗಳಿಗೆ ನಟ್ಟು ಬೋಲ್ಟು ತುಂಬುವ ಡಬ್ಬಿ. ರಟ್ಟು ಮಡಿಸುವುದು, ಮೈದಾ ಅಂಟು ಹಚ್ಚುವುದು, ಒತ್ತಿ ಹಿಡಿಯುವುದು. ಶೆಡ್ಡಿನ ಹಿಂದಿನ ಕೋಣೆಯಲ್ಲಿ ನಾನು ಮತ್ತು ಉಗ್ರಪ್ಪ ಎನ್ನುವವನು ಮಲಗುತ್ತೇವೆ. ಇದಕ್ಕೆ ಮುಂಚೆ ಮಾಗಡಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿಗೆ ಹೋದೆ. ಆ ನೀಲಿ ಬೆಳಕಿಗೆ ಒಂಬತ್ತನೆಯ ದಿನ ರಸ್ತೆಯಲ್ಲೇ ವಾಂತಿ ಮಾಡಿಕೊಂಡೆ. ವಿಜಯನಗರದಲ್ಲಿ ಮನೆಗಳಿಗೆ ಬಣ್ಣ ಬಳಿಯುವವರ ಜೊತೆ ಹೋದೆ. ಅಲ್ಲಿ ಟರ್ಪೆಂಟೈನ್ ವಾಸನೆ, ಮೂರೇ ದಿನ. ಕಿಟ್ಟಿ ಒಂದು ಕಡೆ ನಿಲ್ಲುವವನಲ್ಲ ಎಂದು ಭಾವನವರು ಹೇಳುತ್ತಾರಂತೆ. ನಾನು ನಿಲ್ಲಲು ನೋಡುತ್ತೇನೆ, ತಲೆ ನಿಲ್ಲಲು ಬಿಡುವುದಿಲ್ಲ. ಇಷ್ಟು ಬರೆಯುವುದರಲ್ಲಿ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ಇದು ಶುರುವಾಗಿದ್ದು ನಿನ್ನ ಮದುವೆಯಾದ ವರ್ಷ. ನೀನು ಅರಸೀಕೆರೆಗೆ ಹೋಗಿಬಿಟ್ಟಿದ್ದೆ, ನೋಡಿದವಳಲ್ಲ. ಮೊದಲು ಎಡಗಣ್ಣಿನ ಅಂಚಿನಲ್ಲಿ ಬಿಸಿಲಿಗೆ ಕಾದ ಟಾರು ರಸ್ತೆ ನಡುಗುವ ಹಾಗೆ ಏನೋ ಮಿಣಮಿಣ ಎನ್ನುತ್ತದೆ. ಅದು ಬೆಳೆದು ಗರಗಸದ ಹಲ್ಲಿನ ಹಾಗೆ ಆಗುತ್ತದೆ. ಆಗ ಎದುರಿಗಿರುವವರ ಮುಖದಲ್ಲಿ ಅರ್ಧ ಕಾಣುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಬೆಳಕು ಹೋಗಿ ಬಲಗಡೆ ತಲೆಯ ಒಳಗೆ ಯಾರೋ ಕುಟ್ಟಲು ಶುರು ಮಾಡುತ್ತಾರೆ. ವಾಂತಿ. ಪಕ್ಕದ ಮನೆಯವರು ಚಮಚ ಕೆಳಗೆ ಹಾಕಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಮಾರನೆಯ ದಿನ ಎಲ್ಲಾ ಹೋಗಿ, ತೊಳೆದು ಕವುಚಿಟ್ಟ ಪಾತ್ರೆಯ ಹಾಗೆ ಖಾಲಿ ಇರುತ್ತೇನೆ.

ಸ್ಕೂಲು ಬಿಟ್ಟದ್ದೂ ಇದರಿಂದಲೇ. ನಿನಗೆ ಅಮ್ಮ ಹೇಳಿದ್ದು ಬೇರೆ ಇರಬಹುದು. ರಜಾ ಅರ್ಜಿ ನೆನಪಿದೆಯಾ? ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೆವು, ‘ಆಸ್ ಐ ಯಾಮ್ ಸಫರಿಂಗ್ ಫ್ರಮ್ ಫೀವರ್.’ ಸಿನಿಮಾಕ್ಕೆ ಹೋದವನಿಗೂ ಫೀವರ್, ಅಕ್ಕನ ಮದುವೆಗೆ ಹೋದವನಿಗೂ ಫೀವರ್. ನಾನು ಫೀವರ್ ಹೊಡೆದುಹಾಕಿ ಹೆಡ್ಡೇಕ್ ಎಂದು ಬರೆದೆ. ಪುರುಷೋತ್ತಮ ಮೇಷ್ಟ್ರು ಓದಿ ನಕ್ಕರು.

“ಹೆಡ್ಡೇಕಿಗೆಲ್ಲ ರಜ ಕೊಡ್ತಾರೇನೋ? ನಂಗೂ ಇದೆ. ನಲವತ್ತೆರಡು ಹೆಡ್ಡೇಕು ಎದುರಿಗೇ ಕೂತಿವೆ. ಫೀವರ್ ಅಂತ ತಿದ್ಕೊಂಡು ಬಾ, ಸೈನ್ ಹಾಕ್ತೀನಿ.”

“ಜ್ವರ ಬಂದಿರಲಿಲ್ಲ ಸಾರ್.”

“ಬಂದಿರಲಿಲ್ಲ ಅಂತ ನಂಗೂ ಗೊತ್ತು ಕಣೋ. ಬರಿ.”

ಅವರು ಕೆಟ್ಟವರಲ್ಲ. ಅಮ್ಮನನ್ನು ಕರೆಸಿ ಅವಳಿಗೂ ಅದನ್ನೇ ಹೇಳಿದರು. ಅವಳು ಆಫೀಸು ರೂಮಿನ ಹೊರಗೆ ನನ್ನ ತೋಳು ಹಿಂಡಿ, “ಬರೆದುಕೊಟ್ಬಿಡೋ, ಯಾರಪ್ಪನ ಗಂಟು ಹೋಗುತ್ತೆ?” ಎಂದಳು. ನಾನು ಬರೆಯಲಿಲ್ಲ. ಹೀಗೆ ಹದಿನೇಳು ದಿನ ಗೈರುಹಾಜರಿ ಆಯಿತು, ಆಮೇಲೆ ನಾನೇ ಹೋಗುವುದು ಬಿಟ್ಟೆ. ಅದೊಂದು ಪದ ತಿದ್ದಿದ್ದರೆ ಎಸ್ಸೆಸ್ಸೆಲ್ಸಿ ಆಗುತ್ತಿತ್ತೋ ಏನೋ. ಆದರೆ ನೋವು ಇದ್ದದ್ದು ತಲೆಯಲ್ಲಿ, ಅಕ್ಕ. ಅದನ್ನು ಇಲ್ಲ ಎಂದು ನನ್ನ ಕೈಯಲ್ಲೇ ಬರೆಸುವುದು ಯಾವ ನ್ಯಾಯ?

ನಿನ್ನ ಕಾಗದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ‘ಅಮ್ಮ’ ಎನ್ನುವ ಕಡೆ ಈಗ ‘ಅ’ ಮಾತ್ರ ಕಾಣುತ್ತಿದೆ, ಮಿಕ್ಕಿದ್ದು ಮಿಣಮಿಣ. ಇಲ್ಲಿಗೆ ಬಿಡುತ್ತೇನೆ.

ಶನಿವಾರ

ಬುಧವಾರ, ಗುರುವಾರ ಎರಡೂ ಹೋದವು. ಈಗ ಪರವಾಗಿಲ್ಲ. ಆವತ್ತು ಮಧ್ಯಾಹ್ನದ ಊಟ ತಪ್ಪಿಸಿ ಬರೆಯಲು ಕೂತಿದ್ದೆ, ಅದೇ ಕಾರಣ. ಮನೆಯಲ್ಲಿದ್ದಾಗಿನಷ್ಟು ಇಲ್ಲಿ ಬರುವುದಿಲ್ಲ, ಆದರೂ ಹೊಟ್ಟೆ ಖಾಲಿ ಇದ್ದರೆ ಬರುತ್ತದೆ. ಬಿಸಿಲಿಗೆ ಬರುತ್ತದೆ. ಭಾನುವಾರ ಜಾಸ್ತಿ ಮಲಗಿದರೂ ಬರುತ್ತದೆ. ಉಗ್ರಪ್ಪ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿಕೊಟ್ಟ. “ಮಗಾ, ನಿನ್ ತಲೆನೋವು ಥೇಟ್ ನಮ್ಮತ್ತೆ ಇದ್ದಂಗೆ. ಕಾಗದ ಹಾಕಲ್ಲ, ಏನಿಲ್ಲ. ಗಂಟು ಹಿಡ್ಕೊಂಡು ಬಂದ್ರೆ ಎರಡು ದಿನ ಅಲ್ಲಾಡಲ್ಲ,” ಎಂದ. ನಗುವುದಕ್ಕೂ ಆಗಲಿಲ್ಲ, ನಕ್ಕರೆ ಕುಟ್ಟುತ್ತದೆ.

ಮದ್ದು ಮಾಡದೆ ಬಿಟ್ಟಿಲ್ಲ. ಬಾಪೂಜಿ ನಗರದ ವಠಾರದಲ್ಲಿ ಹಿಂದಿನ ಮನೆಯ ಮುನಿತಾಯಮ್ಮ ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದರು, ಹಣೆ ಸುಟ್ಟಿತು, ನೋವು ಹಾಗೇ ಇತ್ತು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ನೋಡ್ದಾ, ಒಂದು ಚೂರು ಘಾಟು ಬರ್ಲಿಲ್ಲ, ದೃಷ್ಟಿನೇ ಇದು,” ಎಂದರು. ನಾನು ಕೆಮ್ಮುತ್ತಾ, “ಬಂತು ಕಣಜ್ಜಿ, ಘಾಟು ಬಂತು,” ಎಂದೆ. ಅವತ್ತಿನಿಂದ ಅವರು ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಕೊನೆಗೆ ರಾಜಾಜಿನಗರದಲ್ಲಿ ಬಸವರಾಜೇಶ್ವರಿ ಎನ್ನುವ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನಾನು ಹೇಳಿದ್ದನ್ನು ಅರ್ಧಕ್ಕೆ ತಡೆಯದೆ ಕೇಳಿದರು. ಗರಗಸದ ಹಲ್ಲು ಎಂದಾಗ ಪೆನ್ನು ಕೊಟ್ಟು ಬರೆದು ತೋರಿಸು ಎಂದರು. ನೋಡಿ, “ಇದಕ್ಕೆ ಮೈಗ್ರೇನ್ ಅಂತಾರಪ್ಪ. ನಿನ್ನ ತಲೆ ಕೆಟ್ಟಿಲ್ಲ, ನೀನು ಸುಳ್ಳೂ ಹೇಳ್ತಿಲ್ಲ,” ಎಂದರು. ಆ ಎರಡನೆಯ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮಿಣಮಿಣ ಕಂಡ ತಕ್ಷಣ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಮಾತ್ರೆ ಕೊಟ್ಟರು. ಒಂದು ನೋಟ್‌ಬುಕ್ ಇಟ್ಟು, ನೋವು ಬಂದ ದಿನ ಏನು ತಿಂದೆ, ಎಷ್ಟು ಮಲಗಿದೆ, ಏನು ನೋಡಿದೆ, ಏನು ಮೂಸಿದೆ ಎಲ್ಲಾ ಬರಿ ಎಂದರು. ಬರೆದೆ. ನಾಲ್ಕು ತಿಂಗಳು, ನೋವು ಬಂದ ಒಂದು ದಿನವನ್ನೂ ಬಿಡಲಿಲ್ಲ. ಸ್ಕೂಲಿನಲ್ಲಿ ಇಷ್ಟು ಬರೆದವನಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ.

ಅಮ್ಮ ನಿನ್ನ ಮಗುವಿನ ನಾಮಕರಣಕ್ಕೆ ಬಂದು ಹನ್ನೆರಡು ದಿನ ಅಲ್ಲಿದ್ದಳಲ್ಲ, ಆ ಹನ್ನೆರಡು ದಿನ ನನ್ನ ನೋಟ್‌ಬುಕ್ ಖಾಲಿ. ಬಿಸಿಲಲ್ಲಿ ತಿರುಗಿದೆ, ಊಟ ಬಿಟ್ಟೆ, ಮ್ಯಾಟಿನಿ ನೋಡಿದೆ, ಬರಲಿಲ್ಲ. ಅವಳು ಬೈಯಲು ಇಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಅವಳು ವಾಪಸ್ಸು ಬಂದ ದಿನ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಂದೆ. ಮೈಯೆಲ್ಲ ನಿನ್ನ ಮಗುವಿನ ಎಣ್ಣೆ, ಬಜೆ ವಾಸನೆ. ದಾರಿಯುದ್ದಕ್ಕೂ ಬೈದಳು. ಅವತ್ತೂ ಬರಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋಗಿ ಸಂಜೆ ಬಂದು ಪಕ್ಕದಲ್ಲಿ ಕೂತಳು. ಅರ್ಧ ಗಂಟೆಗೆ ಮಿಣಮಿಣ.

ನಿನಗೆ ಗೊತ್ತಿರುವ ಅಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಅಮ್ಮ. ಇದ್ದಿಲ ಪುಡಿಯಲ್ಲಿ ಕೈ ಕಪ್ಪಾಗಿ, ಸೊಂಟ ಹಿಡಿದು, ರಾತ್ರಿ ನಮ್ಮಿಬ್ಬರ ಕೈಯಲ್ಲಿ ಬೆನ್ನು ತುಳಿಸಿಕೊಳ್ಳುತ್ತಿದ್ದವಳು. ನಿನ್ನ ಮದುವೆಯಾದ ಮೇಲೆ ಊದುಬತ್ತಿ ಕಾರ್ಖಾನೆಯ ಯಜಮಾನರು ಅವಳನ್ನು ಸೆಂಟಿನ ರೂಮಿಗೆ ಹಾಕಿದರು. ಒಣಗಿದ ಬತ್ತಿಯನ್ನು ಕಟ್ಟುಕಟ್ಟಾಗಿ ಸೆಂಟಿಗೆ ಅದ್ದಿ ತೆಗೆಯುವ ಕೆಲಸ, ನಿಂತು ಮಾಡುವುದು. ಅಲ್ಲಿಯ ಹೆಂಗಸರೆಲ್ಲ ಅವಳನ್ನು ಸೆಂಟಮ್ಮ ಎನ್ನುತ್ತಾರೆ. ಅವಳಿಗೆ ಅದೆಷ್ಟು ಹೆಮ್ಮೆ ಗೊತ್ತಾ? “ನಾನು ಯಾರ ಮನೆಗೆ ಹೋದ್ರೂ ದೇವರ ಮನೆ ಎದ್ದು ಬಂದಂಗಾಯ್ತು ಯಶೋದಮ್ಮ ಅಂತಾರೆ ಕಣೋ,” ಎಂದು ಮೂರು ಸಲ ಹೇಳಿದ್ದಾಳೆ. ಸೊಂಟ ನೋವು ಹೋಯಿತು. ಅವಳು ಆ ರೂಮಿಗೆ ಹೋದ ತಿಂಗಳೇ ನನ್ನ ತಲೆನೋವು ಶುರುವಾದದ್ದು. ಎರಡು ವರ್ಷ ನನಗದು ಹೊಳೆಯಲಿಲ್ಲ.

ನನಗೆ ನೋವು ಬಂದಾಗಲೆಲ್ಲ ಅವಳು ಓಡಿ ಬಂದು ತಲೆ ತೊಡೆಯ ಮೇಲೆ ಇಟ್ಟುಕೊಂಡು ಹಣೆ ಉಜ್ಜುತ್ತಿದ್ದಳು. ಆ ಕೈಯಿಂದಲೇ. ಸೋಪು, ಹುಣಿಸೆಹಣ್ಣು, ಬೂದಿ ಯಾವುದಕ್ಕೂ ಆ ವಾಸನೆ ಹೋಗುವುದಿಲ್ಲ. ಉಜ್ಜಿದಷ್ಟೂ ನೋವು ಏರುತ್ತಿತ್ತು, ಏರಿದಷ್ಟೂ ಅವಳು ಉಜ್ಜುತ್ತಿದ್ದಳು. ಅವತ್ತು ಅಂಥದ್ದೇ ಒಂದು ಹೊತ್ತಿನಲ್ಲಿ ಕೈ ತಳ್ಳಿ, ಮುಟ್ಟಬೇಡ ಎಂದು ಕೂಗಿದೆ. ಅವಳು ಎದ್ದು ಹೋಗಿ ಅಕ್ಕಿ ಆರಿಸಿದಳು. ನಾನು ಎರಡು ದಿನ ಬಿಟ್ಟು ಬಟ್ಟೆ ತೆಗೆದುಕೊಂಡು ಹೊರಟೆ.

ಕಾರಣ ಹೇಳಿದರೆ ಅವಳು ನಾಳೆಯೇ ಸೆಂಟಿನ ರೂಮು ಬಿಟ್ಟು ಮತ್ತೆ ಹೊಸೆಯಲು ಕೂರುತ್ತಾಳೆ. ಹೇಳದಿದ್ದರೆ ಮಗನಿಗೆ ನಾನು ಬೇಡವಾದೆ ಎಂದುಕೊಂಡೇ ಇರುತ್ತಾಳೆ. ಇಷ್ಟೇ ಅಕ್ಕ, ಇದರ ಆಚೆ ನನಗೆ ದಾರಿ ಕಾಣುತ್ತಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹಬ್ಬಕ್ಕೆ ಬಂದಾಗ ನೀನು ಹೇಳು. ಶೆಡ್ಡಿನಲ್ಲಿ ಆರ್ಡರು ಜಾಸ್ತಿ, ಯಜಮಾನರು ಅಲ್ಲೇ ಇರಬೇಕು ಎಂದರಂತೆ, ಅದಕ್ಕೇ ಹೋದ ಎಂದು ಹೇಳು. ನಿನ್ನ ಬಾಯಲ್ಲಿ ಬಂದರೆ ನಂಬುತ್ತಾಳೆ. ನನ್ನ ತಂಗಿಯಾಗಿ ಹುಟ್ಟಬೇಕಿತ್ತು ನೀನು, ಆಗ ಆಜ್ಞೆ ಮಾಡುತ್ತಿದ್ದೆ. ಈಗ ಕಾಲು ಹಿಡಿಯುತ್ತೇನೆ.

ನಿನ್ನ ಮಗು ಸೀತಾ ಚೆನ್ನಾಗಿ ನಿದ್ದೆ ಮಾಡಲಿ, ಹೊತ್ತು ಹೊತ್ತಿಗೆ ಹೊಟ್ಟೆ ತುಂಬ ಹಾಲು ಕುಡಿಯಲಿ, ಅವಳ ತಲೆ ಯಾವತ್ತೂ ಹಗುರವಾಗಿರಲಿ. ಮಾವನಾಗಿ ಅವಳಿಗೆ ಕೊಡಲು ನನ್ನ ಹತ್ತಿರ ಇರುವುದು ಇಷ್ಟೇ.

ನಿನ್ನ ತಮ್ಮ,
ಕಿಟ್ಟಿ

ಮತ್ತೆ ಬರೆದದ್ದು, ಭಾನುವಾರ ಸಂಜೆ:

ಕಾಗದ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಇವತ್ತು ಮಧ್ಯಾಹ್ನ ಅಮ್ಮ ಬಂದಿದ್ದಳು. ಎರಡು ಬಸ್ಸು ಬದಲಾಯಿಸಿ, ಯಾರು ಯಾರನ್ನೋ ಕೇಳಿಕೊಂಡು. ಒಂದು ಡಬ್ಬಿ ಕೋಡುಬಳೆ ತಂದಿದ್ದಳು. ಪೆಟ್ಟಿಗೆಯಿಂದ ತೆಗೆದ ಒಗೆದ ಸೀರೆ ಉಟ್ಟಿದ್ದಳು. ಉಗ್ರಪ್ಪ ಮ್ಯಾಟಿನಿಗೆ ಹೋಗಿದ್ದ. ನಾನೊಬ್ಬನೇ.

“ಅಂಬುಜಾ ಬರ್ತಾಳೆ, ಬಾರೋ ಮನೆಗೆ. ಹಬ್ಬ ಮುಗಿಸ್ಕೊಂಡು ಬೇಕಾದ್ರೆ ವಾಪಸ್ ಬರುವಂತೆ.”

ನನ್ನ ಬಾಯಲ್ಲಿ ಏನು ಬಂತು ಗೊತ್ತಾ? “ಜ್ವರ ಕಣಮ್ಮ. ಬಸ್ಸಲ್ಲಿ ಬರೋಕಾಗಲ್ಲ.”

ಎರಡು ವರ್ಷದ ಹಿಂದೆ ಬರೆಯಲು ಆಗದ ಪದ. ಎಷ್ಟು ಸಲೀಸಾಗಿ ಬಂತು. ಆದರೆ ಜ್ವರ ಎಂದರೆ ತಾಯಿ ಮೊದಲು ಏನು ಮಾಡುತ್ತಾಳೆ ಎನ್ನುವುದೇ ನನಗೆ ಹೊಳೆಯಲಿಲ್ಲ. ಅವಳು ಥಟ್ಟನೆ ಮುಂದೆ ಬಂದು ಹಣೆಯ ಮೇಲೆ ಕೈ ಇಟ್ಟಳು. ನಾನು ಬಾವಿಯಲ್ಲಿ ಮುಳುಗುವವನ ಹಾಗೆ ಉಸಿರು ಬಿಗಿಹಿಡಿದೆ. ಅವಳು ಹಣೆ ನೋಡಿದಳು, ಕತ್ತು ನೋಡಿದಳು, ಮತ್ತೆ ಹಣೆ ನೋಡಿದಳು. ನನ್ನ ಉಸಿರು ನಿಂತೇ ಇತ್ತು.

“ತಣ್ಣಗಿದೆಯಲ್ಲೋ,” ಎಂದಳು. ಆಮೇಲೆ, “ಜ್ವರ ಅಂತ ಬರೆಯಲ್ಲ ಅಂತ ಇಸ್ಕೂಲು ಬಿಟ್ಟೋನು ನೀನು,” ಎಂದಳು.

ನಾನು ತಡೆಯಲಾರದೆ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟೆ. ಅವಳು ನೋಡಿದಳು. ಕೈ ತೆಗೆದು, ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಮತ್ತೆ ಹೊರಗೆ ತೆಗೆಯಲಿಲ್ಲ. “ಡಬ್ಬಿ ಮುಚ್ಚಿಡು, ಮೆತ್ತಗಾಗುತ್ತೆ,” ಎಂದು ಎದ್ದಳು. ಕಳಿಸಲು ಬರುತ್ತೇನೆ ಎಂದರೆ ಬೇಡ ಎಂದಳು.

ಕಿಟಕಿಯ ಗೋಣಿಚೀಲ ಸರಿಸಿ ನೋಡಿದೆ. ಎದುರಿಗೇ ದನಕ್ಕೆ ನೀರು ತುಂಬುವ ಸಿಮೆಂಟು ತೊಟ್ಟಿ ಇದೆ. ಅಲ್ಲಿ ನಿಂತು ಎರಡೂ ಅಂಗೈ ಮೂಗಿಗೆ ಹಿಡಿದು ಮೂಸಿ ನೋಡಿದಳು. ತೊಟ್ಟಿಯಲ್ಲಿ ಕೈ ಅದ್ದಿ, ಕಲ್ಲಿಗೆ ಉಜ್ಜಿ ತೊಳೆದಳು. ಮತ್ತೆ ಮೂಸಿ ನೋಡಿದಳು.

ನೀನು ಅವಳಿಗೆ ನನ್ನ ಪರವಾಗಿ ಏನೂ ಹೇಳಬೇಡ, ಅಕ್ಕ.

ಕೋಡುಬಳೆಗೂ ಆ ವಾಸನೆ ಹತ್ತಿದೆ. ಉಗ್ರಪ್ಪನಿಗೆ ಒಂದೂ ಉಳಿಸದೆ ಎಲ್ಲಾ ತಿಂದೆ. ಎಡಗಣ್ಣಿನ ಅಂಚಿನಲ್ಲಿ ಶುರುವಾಗಿದೆ. ಮಾತ್ರೆ ಇನ್ನೂ ತೆಗೆದುಕೊಂಡಿಲ್ಲ.