ರದ್ದಾದ ಆದೇಶ

ಚಾಮರಾಜಪೇಟೆ,
18 ಜುಲೈ 2024

ಕೇದಾರ್ ಅವರಿಗೆ ಮಾನಸಳ ನಮಸ್ಕಾರ.

ಆರು ವರ್ಷದಲ್ಲಿ ವಕೀಲರ ಕೈ ದಾಟದೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀವು ಮಗಳನ್ನು ನೋಡಬಾರದೆಂಬ ಆದೇಶವನ್ನು ನಾನು ಹಾಕಿದ ಅರ್ಜಿಯ ಮೇಲೆ ಕೌಟುಂಬಿಕ ನ್ಯಾಯಾಲಯ ಇವತ್ತು ರದ್ದು ಮಾಡಿತು. ನೀವು ಬಂದಿರಲಿಲ್ಲ. ಪ್ರತಿಯನ್ನು ನಿಮ್ಮ ವಕೀಲರು ಕೊಡುತ್ತಾರೆ. ಅದರಲ್ಲಿ ಇಲ್ಲದ್ದನ್ನು ನಾನು ಬರೆಯಬೇಕು.

ಹೋದ ವರ್ಷ ಚೈತನ್ಯಾಗೂ ನಿಮ್ಮ ಹಾಗೇ ಸಕ್ಕರೆ ಕಾಯಿಲೆ ಬಂತು. ನಿಮಗೆ ತಿಳಿಸಲಿಲ್ಲ. ಹನ್ನೊಂದು ವರ್ಷದ ಹುಡುಗಿ, ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಮಾರ್ಚ್‌ನಲ್ಲಿ ಒಂದು ದಿನ ಗಾಂಧಿ ಬಜಾರಿನಲ್ಲಿ ಅವಳಿಗೆ ಶುಗರ್ ಇಳಿದುಬಿಟ್ಟಿತು. ಮಾತು ತೊದಲಿತು, ಕಾಲು ನಿಲ್ಲಲಿಲ್ಲ. ಹೂ ಮಾರುವ ನರಸಮ್ಮ ಓಡಿಬಂದು ಬಾಯಿಗೆ ಬೆಲ್ಲ ಇಟ್ಟರು.

ಅವತ್ತು ಗವಿಪುರದ ಗುಡಿಯ ಮುಂದೆ ನೀವು ಕುಸಿದು ಕೂತಿದ್ದೂ ಹೀಗೇ. ಐದು ವರ್ಷದ ಮಗು ನಿಮ್ಮ ಕೈ ತಪ್ಪಿ ಜನದ ನಡುವೆ ಅಳುತ್ತಿತ್ತು. ಸುದ್ದಿ ತಿಳಿದು ನಾನು ಬಂದಾಗ ನಿಮ್ಮ ಬಾಯಲ್ಲಿ ವಾಸನೆ ಇರಲಿಲ್ಲ. ಶುಗರ್ ಇಳಿದದ್ದೆಂದು ನನಗೆ ಆಗಲೇ ಗೊತ್ತಿತ್ತು. ಆದರೂ ಕುಡಿದಿದ್ದರು ಅಂತ ಕಟಕಟೆಯಲ್ಲಿ ನಿಂತು ಹೇಳಿದೆ. ನಾವು ಬೇರೆಯಾಗಿದ್ದೆವು, ನೀವು ಮಗಳನ್ನು ಕರೆದುಕೊಂಡು ಹೋಗಿಬಿಡುತ್ತೀರೆಂದು ಹೆದರಿದ್ದೆ.

ಈ ಸಲ ಮಗಳ ಕಾಯಿಲೆಯೊಂದನ್ನೇ ಅರ್ಜಿಯಲ್ಲಿ ಬರೆಯೋಣ, ಹಳೇ ಹೇಳಿಕೆ ಕೆದಕಬೇಡಿ ಅಂದರು ನಮ್ಮ ವಕೀಲ ಶ್ರೀನಿವಾಸಯ್ಯ. ನಾನೂ ಒಪ್ಪಿದ್ದೆ. ಆದರೆ ನ್ಯಾಯಾಧೀಶರು ಅರ್ಜಿಯಿಂದ ತಲೆಯೆತ್ತಿ, “ಮಕ್ಕಳ ವಿಷಯದಲ್ಲಿ ಯಾವ ಆದೇಶವೂ ಕಡೆಯದಲ್ಲಮ್ಮ, ಪರಿಸ್ಥಿತಿ ಬದಲಾದರೆ ಬದಲಾಯಿಸ್ತೀವಿ. ಆದರೆ ಕುಡಿಯೋರ ಕೈಗೆ ಕಾಯಿಲೆ ಮಗೂನ ಹೇಗೆ ಕೊಡೋದು?” ಅಂದರು.

ಅವರು ಯಾವತ್ತೂ ಕುಡಿದವರಲ್ಲ, ಅವತ್ತು ನಾನು ಹೇಳಿದ್ದು ಸುಳ್ಳು ಅಂದೆ. ಶ್ರೀನಿವಾಸಯ್ಯ ಫೈಲು ಮುಚ್ಚಿದರು. ನನಗೆ ಅಳುವೂ ಬರಲಿಲ್ಲ, ಹಗುರವೂ ಆಗಲಿಲ್ಲ. ಎಲ್ಲಾದರೂ ಕೂತರೆ ಸಾಕು ಅನ್ನಿಸಿತು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನ್ನ ಮೇಲೆ ಕೇಸು ಆಗಬಹುದಂತೆ. ಆಗಲಿ. ಅದನ್ನು ತಪ್ಪಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಬನ್ನಿ. ಅವಳು ಇಡ್ಲಿ ತಿನ್ನುವ ಮುಂಚೆ ಶುಗರ್ ನೋಡಿಕೊಳ್ಳಬೇಕು, ನಿಮಗೆ ಹೇಳಿಕೊಡಬೇಕಾಗಿಲ್ಲ.

ಇತಿ,
ಮಾನಸ

ತಾ.ಕ.: ನ್ಯಾಯಾಧೀಶರ ಮುಂದೆ ಹೇಳಿದ್ದನ್ನು ಚೈತನ್ಯಾಗೆ ಇನ್ನೂ ಹೇಳಿಲ್ಲ. ಸಂಜೆ ಅವಳು, ಅಪ್ಪ ಕುಡಿಯೋದು ಬಿಟ್ಟರಾ ಅಂತ ಕೇಳಿದಳು. ಹೂಂ, ಬಿಟ್ಟಿದ್ದಾರೆ ಅಂದುಬಿಟ್ಟೆ.